ಪೂಜಿಯ ಕಣಗಿಲ ಗಿಡ, ಹಿತ್ತಲದಾಗ ಮುಧೋಳ ಮರಿ: ಏನ್ ಮಾಡ್ಲಿ?

ಬಿಜಾಪುರದ_ಸೊಸಿ
ಎಲ್ಲಾರಿಗೂ ನಮಸ್ಕಾರ್ರಿ. ವಿಜಯಪುರದಾಗ ಇರ್ತೀವಿ. 4 ತಿಂಗಳ ಮುಧೋಳ ಮರಿ ತಂದೀವಿ, ಹೆಸರು ಚಿನ್ನ್ಯಾ. ಹಿತ್ತಲದಾಗ ನಮ್ಮ ಮಾವ ಹಚ್ಚಿದ ಕೆಂಪು ಕಣಗಿಲ ಅದ. ದಿನಾ ಪೂಜಿಗೆ ಅದರದ್ದೇ ಹೂ, ಸೋಮವಾರ ಸಿದ್ಧೇಶ್ವರ ಗುಡಿಗೂ ಅದೇ. ಹಿಂದಿನ ದಿನದ ಹೂ-ಪತ್ರಿ ತುಳೀಬಾರದು ಅಂತ ನಮ್ಮತ್ತಿ ತೆಂಗಿನ ಬುಡಕ್ಕ ಹಾಕ್ತಾರ.

ಮೊನ್ನೆ ಮುಂಜಾನೆ ನೋಡ್ತೀನಿ, ಆ ಬುಡದಾಗ ಕುಂತು ಏನೋ ಅಗಿಯಾಕತ್ತಾನ. ಬಾಯಾಗ ಬೆರಳು ಹಾಕಿ ತಗದೆ. ಬಾಡಿದ ಕಣಗಿಲ ಎಲಿ, ನಡುವಿನ ದಂಟಿನ ಮ್ಯಾಲೆ ಸಾಲಾಗಿ ಹಲ್ಲಿನ ಗುರ್ತು. ಅರ್ಧಾನೇ ಇತ್ತು, ಉಳಿದರ್ಧ ಸಿಗಲಿಲ್ಲ. ತಾಸಿನೊಳಗ ಜೊಲ್ಲು, ಎರಡು ಸಲ ವಾಂತಿ. ಡಾಕ್ಟರ್ ಕಡೆ ಓಡಿದ್ವಿ. ಎದಿ ಬಡಿತ ನೋಡ್ಕೋತ ಸಂಜಿತನಾ ಅಲ್ಲೇ ಇಟ್ಕೊಂಡು ಕಳಿಸಿದ್ರು. ಈಗ ಆರಾಮ ಅದಾನ.

"ಗಿಡಕ್ಕ ಕೊಡ್ಲಿ ಹಚ್ಚಿದ್ರ ನಾ ಊಟಾ ಮಾಡಂಗಿಲ್ಲ" ಅಂತಾರ ಅತ್ತಿ. ಗಿಡಾ ಇಟ್ಕೊಂಡು ಮರಿ ಉಳಸೂ ದಾರಿ ಐತೇನ್ರಿ? ಬ್ಯಾರೆ ಯಾವ ಗಿಡಕ್ಕ ಅಂಜಬೇಕು?

ಜಮಖಂಡಿ_ಹುಡುಗ
ಅಕ್ಕಾರ, ಮುಧೋಳ ನಾಯಿ ಅಂದ್ರ ಬ್ಯಾಟಿ ನಾಯಿರಿ. ಏನೂ ಆಗಂಗಿಲ್ಲ. ಮತ್ತ ತಿಂದ್ರ ಉಪ್ಪನೀರು ಕುಡಸ್ರಿ, ಎಲ್ಲಾ ಹೊರಗ ಬರ್ತದ.

ತಿಕೋಟಾ_ದ್ರಾಕ್ಷಿ
ತಮ್ಮಾ, ಉಪ್ಪನೀರಿನ ಮಾತು ಆಡಬ್ಯಾಡ. ನಾ ಕುಡಿಸಿ ನೋಡೀನಿ.

ಎರಡು ವರ್ಷದ ಹಿಂದ ಮನಿ ಮುಂದಿನ ಗುಲಾಬಿಗೆ ಔಡಲ ಹಿಂಡಿ ಹಾಕಿದ್ದೆ, ಎಲುಬಿನ ಪುಡಿ ಕಲಿಸಿ. ನಾಯಿಗೆ ಆ ವಾಸನಿ ಅಂದ್ರ ಪೇಢೆ ಇದ್ದಂಗ. ಬೆಳಗಾಗೂದ್ರೊಳಗ ಮೂರು ಬುಡಾ ಕೆದರಿ, ಮೂತಿಗೆ ಮಣ್ಣು ಹಚ್ಕೊಂಡು ಬಾಲಾ ಅಲ್ಲಾಡಿಸ್ಕೋತ ನಿಂತಿತ್ತು. ನಾನೂ ನಕ್ಕೆ. ಆ ದಿನ ಏನೂ ಆಗಲಿಲ್ಲ. ಮರುದಿನ ವಾಂತಿ, ರಕ್ತದ ಭೇದಿ. ಬಾಜೂ ಮನಿಯವ್ರ ಮಾತು ಕೇಳಿ ಉಪ್ಪನೀರು ಹಾಕಿದೆ, ಮೈಯೆಲ್ಲಾ ನಡುಗಾಕ ಹತ್ತು. "ಔಡಲದ ವಿಷಕ್ಕ ಔಷಧ ಕೊಡ್ಲೋ, ನೀ ಹಾಕಿದ ಉಪ್ಪಿಗೋ?" ಅಂತ ಡಾಕ್ಟರ್ ಬೈದ್ರು. 5 ದಿನ ಸಲೈನ್ ಹಚ್ಚಿದ ಮ್ಯಾಲೆ ಬದುಕ್ತು.

ಔಡಲದ ವಿಷಕ್ಕ ರೈಸಿನ್ ಅಂತಾರ. ಎಣ್ಣಿಯೊಳಗ ಬರೂದಿಲ್ಲ, ಹಿಂಡ್ಯಾಗೇ ಉಳೀತದ. ಚೀಲದ ಮ್ಯಾಲೆ ಸಾವಯವ ಅಂತ ಬರದಿತ್ತು, ಸಾವಯವ ಅಂದ್ರ ಸಾಧು ಅಂತ ತಿಳ್ಕೊಂಡಿದ್ದೆ.

ಇನ್ನ ನನ್ನ ಕಸಬಿನ ಮಾತು. ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿ ಕಿಡ್ನಿ ಕೆಡಸ್ತಾವ. ಒಂದು ನಾಯಿ ಬೊಗಸಿ ತಿಂದು ತಿರಗ್ಯಾಡ್ತದ, ಇನ್ನೊಂದು ನಾಕು ಕಾಳಿಗೆ ಮಲಗ್ತದ. ಇಷ್ಟು ತಿಂದ್ರ ನಡೀತದ ಅನ್ನೂ ಲೆಕ್ಕಾನೇ ಇಲ್ಲ. ದ್ರಾಕ್ಷ್ಯಾಗಿನ ಟಾರ್ಟಾರಿಕ್ ಆಸಿಡ್ ಮ್ಯಾಲೆ ಈಗ ಸಂಶಯ ಅದ. ನನ್ನ ಶೆಡ್ಡಿನಾಗ ಜಾಳಿಗಿಯಿಂದ ಕಾಳು ಉದರ್ತಾವ, ಅದಕ್ಕ ಬಾಗಲಾ ಹಾಕೇ ಇರ್ತೀನಿ. ನಿಮ್ಮ ಮನ್ಯಾಗ ಶಿರಾ ಮಾಡಿದಾಗ ನೋಡ್ಕೋರಿ, ತಂಗೀ. ಬಿಜಾಪುರದವ್ರ ಕೈ ಒಣದ್ರಾಕ್ಷಿಗೆ ಧಾರಾಳ.

ನಿವೃತ್ತ_ಕಂಪೌಂಡರ್_ಅಥಣಿ
ಪಶು ದವಾಖಾನ್ಯಾಗ ಕೆಲಸಾ ಮಾಡಿದಾಂವ ನಾನು. ಕಣಗಿಲ ತಿಂದ ಆಡು-ಆಕಳ ಸತ್ತದ್ದು ಕಣ್ಣಾರೆ ಕಂಡೀನಿ. ಅದು ನೇರ ಹೃದಯಕ್ಕ ಹೋಗೂ ವಿಷ. ಬಡಿತ ತಪ್ಪಸ್ತದ, ನಿಧಾನ ಮಾಡ್ತದ. ಎಲಿ ಒಣಗಿದ್ರೂ ವಿಷ ಹೋಗಂಗಿಲ್ಲ. ಹೂ ನೆನದ ನೀರೂ ಕುಡಿಗೊಡಬಾರದು. ಕಡದ ಟೊಂಗಿ ಒಲಿಗೆ ಹಾಕಬ್ಯಾಡ್ರಿ, ಹೊಗಿನೂ ಕೆಟ್ಟದ್ದು. ಗಂಟಿಯಂಗ ಹಳದಿ ಹೂ ಬಿಡೂ ಕಣಗಿಲದ ಕಾಯಿನೂ ಹಂಗ.

ಮನಿಪ್ಲಾಂಟ್ ಕಡದ್ರ ಬಾಯಿ ಉರೀತದ, ಜೊಲ್ಲು ಸುರೀತದ, ಜೀವಕ್ಕ ಬರೂದು ಅಪರೂಪ. ಹೊಸಾ ಮನಿ ಗೇಟಿನ ಎಡಬಲಕ್ಕ ಇಡೂ ಸೈಕಾಸ್ ಹಂಗಲ್ಲ. ಅದರ ಬೀಜ ಒಂದೆರಡು ಸಾಕು, ಲಿವರ್ ಹೋಗ್ತದ. ಬೇಲ್ಯಾಗಿನ ದತ್ತೂರಿ, ಗುಲಗಂಜಿ ಕಿತ್ತು ಒಗೀರಿ. ದಾಸವಾಳ, ಗುಲಾಬಿ, ದುಂಡಮಲ್ಲಿಗಿಗೆ ಅಂಜಬ್ಯಾಡ್ರಿ.

ತಿಂದದ್ದು ಕಂಡಕೂಡಲೇ ಬಾಯಿ ಒರಿಸಿ, ಆ ಎಲಿ ಚೂರು ಕೈಯಾಗ ಹಿಡ್ಕೊಂಡೇ ಹೋಗ್ರಿ. ವಾಂತಿ ಮಾಡಿಸೂದೋ ಬ್ಯಾಡೋ ಡಾಕ್ಟರ್ ಹೇಳ್ಲಿ. ಹಾಲು, ಎಣ್ಣಿ ಏನೂ ಹಾಕಬ್ಯಾಡ್ರಿ.

ಜಮಖಂಡಿ_ಹುಡುಗ
ತಪ್ಪಾತ್ರಿ ಅಣ್ಣಾರ. ನಮ್ಮ ಅಜ್ಜ ಹೇಳ್ತಿದ್ದಾ, ಅದಕ್ಕ ಬರದೆ.

ಬಿಜಾಪುರದ_ಸೊಸಿ
ಎಲ್ಲಾರಿಗೂ ಉಪಕಾರ್ರಿ. ನೆಲಕ್ಕ ತಾಗೂ ಟೊಂಗಿ ಕಡಿಸಿ, ಉದುರಿದ ಎಲಿ ಒಂದೂ ಬಿಡದಂಗ ಆರಿಸಿ, ಗಿಡದ ಸುತ್ತ 3 ಫೂಟ್ ಜಾಳಿಗಿ ಹಾಕಿಸೀವಿ. ಹಿಂದಿನ ದಿನದ ಹೂ ಈಗ ಮೊಳಿಗೆ ತೂಗಹಾಕಿದ ಬುಟ್ಟ್ಯಾಗ. ಅತ್ತಿನೂ ಒಪ್ಪ್ಯಾರ, "ತುಳ್ಯಾಂಗಿಲ್ಲ ಅಂದ್ರ ಸಾಕು" ಅಂತ. ಕಪಾಟಿನ ತಳದಾಗಿದ್ದ ಒಣದ್ರಾಕ್ಷಿ ಡಬ್ಬಿ ಮ್ಯಾಲಿನ ಫಳಿಗೆ ಏರ್‍ಯಾದ.

ಜಾಳಿಗಿ ಹಾಕಿ ಮಿಸ್ತ್ರಿ ಇನ್ನಾ ಚಾ ಕುಡಿಯಾಕತ್ತಿದ್ರು, ಚಿನ್ನ್ಯಾ ಒಂದು ಸಲ ಅದನ್ನ ಹಾರಿದ. ಅತ್ತಿ ನೋಡಿ ಸುಮ್ಮನ ಒಳಗ ಹೋದ್ರು. ಸಂಜಿಮುಂದ ಕೇಳಿದ್ರು, ಬಾಜೂ ಮನಿಯವ್ರ ಕಡೆ ದಾಸವಾಳದ ಟೊಂಗಿ ಒಂದು ಇಸ್ಕೊಂಡ್ ಬರ್ತಿಯೇನು ಅಂತ.