ಗಡಿಯಲ್ಲಿ ಗಂಡ, ಊರಲ್ಲಿ ಬೆದರಿಕೆ: ಅಂಚೆ ಮತವೋ, ಪ್ರಾಕ್ಸಿಯೋ?

ಘಟ್ಟದ ಸೊಸೆ: ಯಜಮಾನರು ಸೈನ್ಯದಲ್ಲಿ, ಗಡಿ ಪೋಸ್ಟ್‌ನಲ್ಲಿದ್ದಾರೆ. ಅವರ ಹೆಸರು ಊರಿನ ಸೇವಾ ಮತದಾರರ ಪಟ್ಟಿಯಲ್ಲಿ, ನನ್ನದು ಸಾಮಾನ್ಯ ಪಟ್ಟಿಯಲ್ಲಿ. ಮಾವ ಮಾಜಿ ಸೈನಿಕರು, 86 ವರ್ಷ, ನಡೆಯೋಕಾಗಲ್ಲ. "ಬೂತ್ ಲೆಕ್ಕ ಬಂದಾಗ ನಿಮ್ಮ ಕೇರಿ ಎತ್ತ ಹಾಕಿದೆ ಅಂತ ಗೊತ್ತಾಗುತ್ತೆ" ಅಂತ ಒಂದು ಗುಂಪು ಮನೆ ಬಾಗಿಲಿಗೆ ಬಂದು ಹೇಳಿ ಹೋಗಿದೆ. ಯಜಮಾನರ ಮತ ಅಂಚೆಯಲ್ಲಿ ಹೋಗಲೋ, ಅವರ ಪರವಾಗಿ ಬೂತಲ್ಲಿ ಮತ ಹಾಕೋ ಪ್ರಾಕ್ಸಿ ನಾನೇ ಆಗಲೋ? ಮಾಡಿ ಗೊತ್ತಿದ್ದವರು ಹೇಳಿ.

ಯೂನಿಟ್ ಕ್ಲರ್ಕ್: ಅಂಚೆಯೇ ಸರಿ ಅಕ್ಕ. ಈಗ ಮತಪತ್ರ ಯೂನಿಟ್‌ಗೆ ಕಂಪ್ಯೂಟರಲ್ಲೇ ಬರುತ್ತೆ. ಡೌನ್‌ಲೋಡ್‌ಗೆ ಒಟಿಪಿ, ತೆರೆಯೋಕೆ ಪಿನ್. ಆದರೆ ವಾಪಸ್ ಹೋಗೋದು ಕಾಗದದಲ್ಲೇ, ಸ್ಟಾಂಪ್ ಹಚ್ಚಬೇಕಿಲ್ಲ. ಗುರುತು ಹಾಕಿದ ಮತಪತ್ರ 13ಬಿ ಒಳಲಕೋಟೆಗೆ, ಅದನ್ನು ಅಂಟಿಸಿ. 13ಎ ಘೋಷಣೆಗೆ ಸಹಿ, ಕಮಾಂಡಿಂಗ್ ಆಫೀಸರ್ ಅಥವಾ ಅವರು ನೇಮಿಸಿದ ಅಧಿಕಾರಿಯ ದೃಢೀಕರಣ. ಆಮೇಲೆ ಅಂಟಿಸಿದ 13ಬಿ, ಬಿಡಿಯಾಗಿ 13ಎ, ಎರಡೂ 13ಸಿ ಹೊರಲಕೋಟೆಗೆ. 13ಎ ಅನ್ನು ಮತಪತ್ರದ ಜೊತೆ 13ಬಿ ಒಳಗೆ ತುರುಕೋದೇ ಮಾಮೂಲಿ ಎಡವಟ್ಟು. ಎಣಿಕೆ ಮೇಜಲ್ಲಿ ಹೊರಲಕೋಟೆ ಒಡೆದಾಗ 13ಎ ಕಾಣದಿದ್ದರೆ 13ಬಿ ತೆರೆಯೋದೇ ಇಲ್ಲ. ಅಲ್ಲಿಗೆ ಮತ ತಿರಸ್ಕೃತ. 13ಎ ಮೇಲಿನ ಮತಪತ್ರದ ಕ್ರಮಸಂಖ್ಯೆಗೂ 13ಬಿ ಮೇಲಿನದಕ್ಕೂ ತಾಳೆ ಬೀಳದಿದ್ದರೂ ಅದೇ ಗತಿ.

ಇನ್ನೊಂದು, ಕ್ಯೂಆರ್ ಕೋಡ್ ಮೇಲೆ ಮಡಿಕೆ ಬೀಳಬಾರದು. ಟೋನರ್ ಖಾಲಿಯಾದ ಪ್ರಿಂಟರಲ್ಲಿ ತೆಗೆದ ಕೋಡ್ ಸ್ಕ್ಯಾನ್ ಆಗದೆ ತಕರಾರು ಶುರುವಾಗುತ್ತೆ.

ಹವಾಲ್ದಾರ್ ನಿವೃತ್ತ: ಲಕೋಟೆ ಪುರಾಣ ಸಾಕು, ದಿನಾಂಕ ನೋಡ್ರಿ. 2023ರ ವಿಧಾನಸಭೆ: ನಾಮಪತ್ರ ವಾಪಸಿಗೆ ಏಪ್ರಿಲ್ 24 ಕೊನೆ, ಮತದಾನ ಮೇ 10, ಎಣಿಕೆ ಮೇ 13. ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೇ ಮತಪತ್ರ ಹೊರಡೋದು. ಎಣಿಕೆಯ ದಿನ ಬೆಳಿಗ್ಗೆ 8ರೊಳಗೆ ಚುನಾವಣಾಧಿಕಾರಿ ಕೈ ಸೇರಬೇಕು. ಮೂರು ವಾರವೂ ಇಲ್ಲ! ಹಿಮ ಬಿದ್ದ ಪೋಸ್ಟ್‌ನಿಂದ ಟಪಾಲು ಚೀಲ ಇಳಿಯೋದು ಯಾವಾಗ? 2024ರ ಲೋಕಸಭೆಯಲ್ಲಿ ನಮ್ಮ ರಾಜ್ಯದ ಮತದಾನ ಏಪ್ರಿಲ್ 26, ಮೇ 7. ಎಣಿಕೆ ಜೂನ್ 4. ಅಂಥ ಆರಾಮ ವಿಧಾನಸಭೆಗೆ ಸಿಗಲ್ಲ.

ಪ್ರಾಕ್ಸಿ ಮಾಡಿಸಮ್ಮ. ನಮೂನೆ 13ಎಫ್, ಕಮಾಂಡಿಂಗ್ ಆಫೀಸರ್ ಮುಂದೆ ಸಹಿ. ಪ್ರಾಕ್ಸಿ ಆಗೋರು ಆ ಕ್ಷೇತ್ರದ ನಿವಾಸಿ ಆಗಿರಬೇಕು, 18 ತುಂಬಿರಬೇಕು. ಒಮ್ಮೆ ಕೊಟ್ಟರೆ 13ಜಿಯಲ್ಲಿ ರದ್ದು ಮಾಡೋವರೆಗೂ ನಡೆಯುತ್ತೆ.

ಯೂನಿಟ್ ಕ್ಲರ್ಕ್: ಅರ್ಧ ಹೇಳಿ ಬಿಟ್ರಲ್ಲ ಸಾರ್. ನಾಮಪತ್ರದ ಕೊನೆ ದಿನದೊಳಗೆ 13ಎಫ್ ತಲುಪದಿದ್ದರೆ ಆ ಚುನಾವಣೆಗೆ ಪ್ರಾಕ್ಸಿ ಇಲ್ಲ. ಒಮ್ಮೆ ಪ್ರಾಕ್ಸಿ ಆದಮೇಲೆ ಅಂಚೆ ಮತಪತ್ರವೂ ಬರಲ್ಲ. ಪ್ರಾಕ್ಸಿ ಮುನಿಸಿಕೊಂಡ್ರೆ?

ಹವಾಲ್ದಾರ್ ನಿವೃತ್ತ: ಗಂಡನ ಮತಕ್ಕೆ ಹೆಂಡತಿ ಮುನಿಸಿಕೊಳ್ತಾಳೇನ್ರಿ? ಲಕೋಟೆ ಅಂಟಿಸೋರಿಗೆ ಸಂಸಾರ ಗೊತ್ತಿಲ್ಲ.

ಮತಗಟ್ಟೆ ಮೇಷ್ಟ್ರು: ಇಬ್ಬರೂ ಬೆದರಿಕೆ ಮಾತನ್ನೇ ಮರೆತ್ರಿ. ಸ್ವಂತ ಮತಕ್ಕೆ ಎಡಗೈ ತೋರುಬೆರಳಿಗೆ ಶಾಯಿ, ಪ್ರಾಕ್ಸಿ ಮತಕ್ಕೆ ಎಡಗೈ ನಡುಬೆರಳಿಗೆ. ಪಕ್ಕಪಕ್ಕದ ಎರಡು ಬೆರಳಲ್ಲಿ ಶಾಯಿ ಹಾಕಿಸಿಕೊಂಡು ಊರಲ್ಲಿ ತಿರುಗಿದರೆ ಗಂಡನ ಮತವೂ ಇದೇ ಬೂತಲ್ಲಿ ಬಿತ್ತು ಅಂತ ಡಂಗುರ ಸಾರಿದಂಗೆ. ಶಾಯಿ ಬೇಡ ಅನ್ನೋ ಹಾಗೂ ಇಲ್ಲ. ಬೇಡ ಅಂದರೆ ಚುನಾವಣಾ ನಿಯಮ 49ಕೆ ಪ್ರಕಾರ ಮತದಾನಕ್ಕೇ ಬಿಡಲ್ಲ.

ಆ ಗುಂಪು ಹೇಳಿದ್ದು ಸುಳ್ಳೂ ಅಲ್ಲ. ನಮೂನೆ 20ರಲ್ಲಿ ಬೂತ್‌ವಾರು ಲೆಕ್ಕ ಹೊರಗೆ ಬರುತ್ತೆ. ಯಾರು ಯಾರಿಗೆ ಹಾಕಿದ್ರು ಅಂತ ಗೊತ್ತಾಗಲ್ಲ, ಆದರೆ ಇಡೀ ಬೂತ್ ಎತ್ತ ವಾಲಿದೆ ಅನ್ನೋದು ಬಯಲು. ಕಾಗದದ ಮತಪತ್ರ ಇದ್ದಾಗ ಎಣಿಕೆಗೆ ಮುಂಚೆ ಹಲವು ಬೂತಿನವನ್ನು ಬೆರೆಸೋಕೆ ನಿಯಮ 59ಎ ಇತ್ತು. ಯಂತ್ರಗಳ ಮತ ಕೂಡಿಸಿ ತೋರಿಸೋ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತು, 2015ರಲ್ಲಿ ಕಾನೂನು ಆಯೋಗ 255ನೇ ವರದಿಯಲ್ಲಿ ಬೆಂಬಲಿಸಿತು. ಸರ್ಕಾರ ಒಪ್ಪಲಿಲ್ಲ. ಅಂಚೆ ಮತಗಳನ್ನು ಇಡೀ ಕ್ಷೇತ್ರದ್ದು ಒಟ್ಟಿಗೆ ಎಣಿಸ್ತಾರೆ, ನಿಮ್ಮ ಕೇರಿಯ ಸುಳಿವೇ ಇರಲ್ಲ. ನಿಮ್ಮ ಮಟ್ಟಿಗೆ ಅಂಚೆ ಅನ್ನೋಕೆ ನನಗೆ ಇದೊಂದೇ ಕಾರಣ ಸಾಕು.

ಮಾವನವರಿಗೆ ಮನೆಯಿಂದಲೇ ಮತ ಹಾಕೋಕೆ ಅರ್ಜಿ, ನಮೂನೆ 12ಡಿ. 2024ರಿಂದ ವಯಸ್ಸಿನ ಮಿತಿ 85, ಅವರು ದಾಟಿದ್ದಾರೆ. ಅಧಿಸೂಚನೆ ಹೊರಬಿದ್ದ 5 ದಿನದೊಳಗೆ ಅರ್ಜಿ ಸೇರಬೇಕು, ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮನೆಗೇ ಬಂದು ಇಸಕೊಳ್ತಾರೆ. ಆಮೇಲೆ ಸಿಬ್ಬಂದಿ, ಪೊಲೀಸ್, ವಿಡಿಯೋದವರು ಮನೆಗೆ ಬರ್ತಾರೆ. ಮರೆ ಇಟ್ಟು ಗುರುತು ಹಾಕಿಸ್ತಾರೆ, ವಿಡಿಯೋ ಆ ಮರೆಯ ಒಳಗೆ ಇಣುಕಬಾರದು. 12ಡಿ ಮಂಜೂರಾದರೆ ಬೂತಲ್ಲಿ ಮತ ಇಲ್ಲ ಅನ್ನೋದು ಮಾತ್ರ ಅವರಿಗೆ ಮೊದಲೇ ಹೇಳಿಡಿ, ಹಿರಿಯರು ಕೊನೇ ಗಳಿಗೆಯಲ್ಲಿ ಬೂತಿಗೇ ಕರ್ಕೊಂಡು ಹೋಗಿ ಅಂತ ಹಠ ಹಿಡೀತಾರೆ.

ಕಾಫಿ ಬೆಳೆಗಾರ: ಒಂದು ಮತಕ್ಕೆ ಇಷ್ಟು ಕಾಗದಾನಾ? ಹೋಗ್ಲಿ ಬಿಡಿ ಅನ್ಸಲ್ವಾ?

ಹವಾಲ್ದಾರ್ ನಿವೃತ್ತ: 2004ರ ವಿಧಾನಸಭೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಮತದಲ್ಲಿ ತೀರ್ಮಾನ ಆಯ್ತು. 2023ರ ಜಯನಗರ 16ರಲ್ಲಿ. ಯೋಧರಿಗೆ ಸಲಾಂ ಅಂತ ಸ್ಟೇಟಸ್ ಹಾಕ್ತೀರಿ, ಯೋಧನ ಮತ ಅಂದ್ರೆ ಹೋಗ್ಲಿ ಬಿಡಿ. ಚೆನ್ನಾಗಿದೆ.

ಕಾಫಿ ಬೆಳೆಗಾರ: ನಾನೆಲ್ಲಿ ಸ್ಟೇಟಸ್ ಹಾಕ್ದೆ? ಬೇರೆಯವರ ಸಿಟ್ಟು ನನ್ನ ಮೇಲೆ ಯಾಕೆ?

ಸುಬೇದಾರ್ ಮನೆಯವರು: ಜಗಳ ಅತ್ಲಾಗೆ ಇಡಿ. ತಂಗಿ, ಬೆದರಿಕೆಗೆ ದೂರು ಕೊಡು. ಚುನಾವಣೆ ಘೋಷಣೆ ಆದಮೇಲೆ ಚುನಾವಣಾ ಆಯೋಗದ ಸಿವಿಜಿಲ್ ದೂರು ವ್ಯವಸ್ಥೆ ನಡೆಯುತ್ತೆ. ಫೋಟೋ, ಇಲ್ಲಾ ಎರಡು ನಿಮಿಷದ ವಿಡಿಯೋ ಕಳಿಸಬಹುದು, ಹೆಸರು ಹೇಳಬೇಕಿಲ್ಲ, 100 ನಿಮಿಷದೊಳಗೆ ಕ್ರಮ ಅನ್ನೋ ಗುರಿ ಇದೆ. ಸಹಾಯವಾಣಿ 1950ಕ್ಕೆ ಫೋನೂ ಮಾಡಬಹುದು.

ಮತಗಟ್ಟೆ ಮೇಷ್ಟ್ರು: ಹೆಸರು ಹೇಳದಿದ್ದರೂ ವಿಡಿಯೋ ನಿಮ್ಮ ಜಗಲಿಯಿಂದ ತೆಗೆದಿದ್ದು ಅಂತ ಗೊತ್ತಾದರೆ ಏನು ಬಂತು? ರಸ್ತೆಯಿಂದ ತೆಗೀರಿ. ಮತಗಟ್ಟೆಗೇ ನುಗ್ಗಿದರೆ ಅಧ್ಯಕ್ಷಾಧಿಕಾರಿ ಮತಯಂತ್ರದ ಕಂಟ್ರೋಲ್ ಯೂನಿಟ್‌ನ ಕ್ಲೋಸ್ ಬಟನ್ ಒತ್ತಿಬಿಡ್ತಾರೆ. ಆಮೇಲೆ ಒಂದು ಮತವೂ ಒಳಗೆ ಹೋಗಲ್ಲ.

ಹವಾಲ್ದಾರ್ ನಿವೃತ್ತ: ಬಟನ್ ಒತ್ತೋ ಧೈರ್ಯ ಎಷ್ಟು ಜನಕ್ಕಿದೆ ಮೇಷ್ಟ್ರೇ?

ಮತಗಟ್ಟೆ ಮೇಷ್ಟ್ರು: ಬಂದೂಕು ನಿಮ್ಮ ಕೈಯಲ್ಲಿತ್ತು. ನಮಗೆ ಕೊಡೋದು ಸೀಲು, ಅರಗು, ದಾರ.

ಯೂನಿಟ್ ಕ್ಲರ್ಕ್: ಹವಾಲ್ದಾರ್ ಸಾರ್, ಮೊದಲು ನಿಮ್ಮ ಹೆಸರು ಎಲ್ಲಿದೆ ನೋಡ್ಕೊಳ್ಳಿ. ನಿವೃತ್ತಿ ಆದಮೇಲೆ ಸೇವಾ ಪಟ್ಟಿಯಿಂದ ತೆಗೆಸಿ, ಸಾಮಾನ್ಯ ಪಟ್ಟಿಗೆ ಸೇರೋಕೆ ನಮೂನೆ 6 ಹಾಕಬೇಕು. ನಾಮಪತ್ರದ ಕೊನೆ ದಿನ ಕಳೆದರೆ ಈ ಸಲ ಸೇರಲ್ಲ.

ಹವಾಲ್ದಾರ್ ನಿವೃತ್ತ: ಅದು ಯಾವತ್ತೋ ಆಗಿದೆ. ನೀನು 13ಎ ಎಣಿಸ್ಕೋ ಹೋಗಪ್ಪ.