ಕುಡಿತ ಬಿಡುವವರ ಮೀಟಿಂಗ್‌ಗೆ ಯಾರಾದರೂ ಹೋಗಿದ್ದೀರಾ? ಹಾಸನ ಕಡೆಯವನು, ಮಾಹಿತಿ ಬೇಕಿತ್ತು

ಹಾಸನದವನು:
ನಮಸ್ಕಾರ. ವಯಸ್ಸು 38, ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಕೆಲಸ. ಮೊದಲು ಬರೀ ಶನಿವಾರ ಇತ್ತು. ಈಗ ಬೆಳಿಗ್ಗೆ ಒಂದು ನೈಂಟಿ ಒಳಗೆ ಹೋಗದಿದ್ದರೆ ಕೈ ನಡುಕ ನಿಲ್ಲುವುದಿಲ್ಲ. ಬಿಡಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್ ಅಂತ ಇರುತ್ತದಂತೆ, ಅಲ್ಲಿ ಏನು ಮಾಡುತ್ತಾರೆ, ದುಡ್ಡು ಎಷ್ಟು, ಹೆಸರು ವಿಳಾಸ ಬರೆಸಬೇಕಾ, ಇಂಗ್ಲಿಷಲ್ಲೇ ಮಾತಾಡಬೇಕಾ, ಒಂದೂ ಗೊತ್ತಿಲ್ಲ. ಊರು ಚಿಕ್ಕದು. ಒಳಗೆ ಹೋದಾಗ ನಮ್ಮ ಆಫೀಸಿನವರೇ ಯಾರಾದರೂ ಕೂತಿದ್ದರೆ ಏನು ಗತಿ? (ವೈನ್ ಶಾಪ್ ಮುಂದೆ ನಿಲ್ಲುವಾಗ ಈ ನಾಚಿಕೆ ಯಾಕೋ ಬರುವುದಿಲ್ಲ.) ಮನೆಯಲ್ಲಿ ಇನ್ನೂ ಹೇಳಿಲ್ಲ.

ಜಯನಗರದ ಕಾಫಿ:
ಆಫೀಸಿನವರು ಕೂತಿದ್ದರೆ ಅವರೂ ಅದಕ್ಕೇ ಬಂದಿರುತ್ತಾರೆ ಅಲ್ವಾ ಸರ್! ಯಾರು ಬಂದಿದ್ದರು, ಏನು ಹೇಳಿದರು ಅನ್ನೋದನ್ನು ಆಚೆ ಆಡುವ ಹಾಗಿಲ್ಲ, ಅದು ಅಲ್ಲಿಯ ಮೊದಲ ಮಾತು.

ನಾನು ಬೆಂಗಳೂರಲ್ಲಿ ಹಲವು ವರ್ಷದಿಂದ ಹೋಗುತ್ತಿದ್ದೇನೆ. ಫೀಸ್ ಇಲ್ಲ, ರಿಜಿಸ್ಟರ್ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಕೇಳುವುದಿಲ್ಲ. ಬಾಡಿಗೆ, ಟೀ ಖರ್ಚಿಗೆ ಒಂದು ಚೀಲ ಸುತ್ತು ಬರುತ್ತದೆ, ಹೊಸಬರು ಹಾಕಬೇಕಾಗಿಲ್ಲ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದರೆ 'ಇವತ್ತು ಬರೀ ಕೇಳ್ತೀನಿ' ಅಂದರೆ ಮುಗೀತು. ಸುಮಾರು ಒಂದೂವರೆ ಗಂಟೆ. ಎಷ್ಟೋ ಕಡೆ ಶಾಲೆಯ ರೂಮು ಅಥವಾ ಚರ್ಚ್ ಆವರಣದಲ್ಲಿ ನಡೆಯುತ್ತದೆ, ಅದನ್ನು ನೋಡಿ ಮತಕ್ಕೆ ಸೇರಿಸುತ್ತಾರೆ ಅಂದುಕೊಳ್ಳಬೇಡಿ, ಜಾಗ ಸಿಕ್ಕಿದೆ ಅಷ್ಟೇ. ಕುಡಿತ ಬಿಡಲು ಎಎ ಹೇಳುವ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಅನ್ನೋದು ನಿಮಗೇ ಬಿಟ್ಟಿದ್ದು. ದೇವಸ್ಥಾನದ ಮೆಟ್ಟಿಲು ಹತ್ತದ ನಾನೇ ಅಲ್ಲಿ ಉಳಿದಿದ್ದೇನೆ.

ಎಎ ಇಂಡಿಯಾ ವೆಬ್‌ಸೈಟಿನಲ್ಲಿ ಫೋನ್ ನಂಬರ್ ಇದೆ. ಕರೆ ಮಾಡಿ 'ಕನ್ನಡದಲ್ಲಿ ನಡೆಯುವ ಗುಂಪು ಹತ್ತಿರ ಎಲ್ಲಿದೆ' ಅಂತಲೇ ಕೇಳಿ. ಪಟ್ಟಿ ನೋಡಿ ಸೀದಾ ಬಸ್ ಹತ್ತಬೇಡಿ, ಜಾಗ ಮತ್ತು ಸಮಯ ಬದಲಾಗುತ್ತಿರುತ್ತದೆ. ಓಪನ್ ಮೀಟಿಂಗ್‌ಗೆ ಯಾರು ಬೇಕಾದರೂ ಬರಬಹುದು, ಕ್ಲೋಸ್ಡ್ ಅಂದರೆ ನಮ್ಮಂಥವರಿಗೆ ಮಾತ್ರ. ಮೊದಲ ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ.

ವಾರ್ಡ್ ಸಿಸ್ಟರ್:
ಮೀಟಿಂಗ್ ಆಮೇಲೆ. ಬೆಳಿಗ್ಗೆ ಕೈ ನಡುಗುತ್ತದೆ ಅಂದಿರಲ್ಲ, ನೀವು ನಾಳೆಯಿಂದಲೇ ಅಂತ ಒಮ್ಮೆಗೇ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯ ಆಗಬಹುದು. ಹಟ ಮಾಡಿ ಮನೆಯಲ್ಲೇ ಬಿಡಲು ಹೋಗಿ, ಮೂರನೇ ದಿನ ಆಂಬುಲೆನ್ಸಲ್ಲಿ ಬಂದವರನ್ನು ನೋಡಿದ್ದೇನೆ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ, ಅಲ್ಲಿ ತೋರಿಸಿ. ನಡುಕ ಇಳಿಸಲು ಮಾತ್ರೆ, ಬಿ1 ವಿಟಮಿನ್ ಕೊಡುತ್ತಾರೆ. ಎಲ್ಲೋ ಒಂದು ಕ್ಲಿನಿಕ್ಕಲ್ಲಿ ಸುಮ್ನೆ ಗ್ಲೂಕೋಸ್ ಹಾಕಿಸಿಕೊಂಡು ಬರಬೇಡಿ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ಕೇಂದ್ರ ಇದೆ, ಬೆಂಗಳೂರಿಗೆ ಹೋಗುವುದಾದರೆ ಅಲ್ಲಿಗೂ ಹೋಗಬಹುದು. ಯಾರ ಹತ್ತಿರವೂ ಹೇಳಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ.

ಬೆಳ್ತಂಗಡಿ ಮಾರ್ಗ:
ನಾನು ಎಎಗೆ ಹೋದವನಲ್ಲ. ಧರ್ಮಸ್ಥಳದವರ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಅದರಲ್ಲಿ ಬಿಟ್ಟವನು. 8 ದಿನ ಅಲ್ಲೇ ಇರಬೇಕು. ಯೋಗ, ಭಜನೆ, ಕೌನ್ಸೆಲಿಂಗ್, ಮನೆಯವರನ್ನೂ ಕರೆಸುತ್ತಾರೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದ್ದೇ ಗುಂಪು ಇರುತ್ತದೆ, ನನ್ನನ್ನು ಉಳಿಸಿದ್ದು ನಿಜವಾಗಿ ಅದು. ಆದರೆ ಗುಟ್ಟು ಅನ್ನೋದು ಇಲ್ಲ, ಇಡೀ ಊರಿಗೆ ಗೊತ್ತಾಗುತ್ತದೆ. ನನಗೆ ಅದೇ ಒಳ್ಳೆಯದಾಯಿತು, ಯಾರೂ 'ಬಾ ಮಾರಾಯ ಒಂದು ಪೆಗ್' ಅನ್ನುವುದಿಲ್ಲ. ನಿಮಗೆ ಹೆಸರಿನ ಭಯ ಜಾಸ್ತಿ ಇದ್ದರೆ ಎಎ ಸರಿ.

ಮೈಸೂರಿನ ಅಕ್ಕ:
ತಮ್ಮಾ, ಹೆಂಡತಿಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ನಮ್ಮ ಮನೆಯವರೂ ಹಾಗೇ ಅಂದುಕೊಂಡಿದ್ದರು. ವಾಸನೆಗೆ ಏಲಕ್ಕಿ ಅಗಿದು ಬರುತ್ತಿದ್ದರು, ಪಾಪ. ಹೇಳಿಬಿಡು. ಹೇಳದೇ ಇದ್ದರೆ ಅವರು ಯಾರದ್ದೋ ಮಾತು ಕೇಳಿ 'ಕುಡಿತ ಬಿಡಿಸುವ ಪುಡಿ' ತಂದು ಸಾರಿಗೆ ಹಾಕುತ್ತಾರೆ. ಅದರಲ್ಲಿ ಏನಿರುತ್ತದೋ ಯಾರಿಗೆ ಗೊತ್ತು. ಡೈಸಲ್ಫಿರಾಮ್ ಮಾತ್ರೆಯನ್ನು ಗುಟ್ಟಾಗಿ ಕೊಡುವವರೂ ಇದ್ದಾರೆ. ಅದರ ಮೇಲೆ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಬೀಳುವುದು, ಎಲ್ಲ ಆಗುತ್ತದೆ. ಡಾಕ್ಟರ್ ಹೇಳಿ, ನೀನು ಒಪ್ಪಿ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಮೀಟಿಂಗ್ ಇದೆ. ನೀನು ಹೋಗದಿದ್ದರೂ ಅವರು ಹೋಗಬಹುದು.

ಹಾಸನದವನು:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ರಜೆ ಹಾಕಿ ಆಸ್ಪತ್ರೆಗೆ ಹೋಗುತ್ತೇನೆ, ಅಲ್ಲಿಯವರೆಗೆ ಒಮ್ಮೆಗೇ ನಿಲ್ಲಿಸುವುದಿಲ್ಲ. ಅಕ್ಕ ಹೇಳಿದ್ದಕ್ಕೆ ಇನ್ನೂ ಧೈರ್ಯ ಬಂದಿಲ್ಲ. ಆನ್‌ಲೈನ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರಬಹುದಾ?

ಜಯನಗರದ ಕಾಫಿ:
ನಾನು ಹೋಗುವ ಕಡೆ ಧಾರಾಳವಾಗಿ ಕೂರಬಹುದು, ನಿಮ್ಮ ಗುಂಪಿನಲ್ಲೂ ಮೊದಲೇ ಒಂದು ಮಾತು ಕೇಳಿಕೊಳ್ಳಿ. ಆದರೆ ಜೂಮ್‌ಗೆ ಆಫೀಸಿನ ಐಡಿಯಿಂದ ಹೋಗಬೇಡಿ, ಪೂರ್ತಿ ಹೆಸರು ಕೆಳಗೆ ಕಾಣಿಸುತ್ತದೆ. ಬರೀ ಮೊದಲ ಅಕ್ಷರ ಹಾಕಿಕೊಳ್ಳಿ.