ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕುಯ್ ಅನ್ನೋ ಸದ್ದು: ಟರ್ಬೊನಾ, ಗೇರ್‌ಬಾಕ್ಸಾ?

ಘಾಟಿ_ಡೀಸೆಲ್:
2014ರ ಡೀಸೆಲ್ ಹ್ಯಾಚ್‌ಬ್ಯಾಕ್, ಟರ್ಬೊ, 5 ಗೇರ್ ಮ್ಯಾನುಯಲ್, 1,12,000 ಕಿ.ಮೀ. ಓಡಿದೆ. ಟೈರ್ 165/80 ಆರ್14. ವೇಗ 40 ದಾಟಿದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಮುಂದಿನಿಂದ ಕುಯ್ ಅಂತ ಎಳೆದ ಸದ್ದು. ಕಾಲು ತೆಗೆದ ತಕ್ಷಣ ನಿಲ್ಲುತ್ತೆ. ಶಿರಾಡಿ ಏರಿನಲ್ಲಿ ಜೋರು, ಇಳಿಜಾರಿನಲ್ಲಿ ಇಲ್ಲವೇ ಇಲ್ಲ. ನಿಲ್ಲಿಸಿ ನ್ಯೂಟ್ರಲ್‌ನಲ್ಲಿ 3,000 ಆರ್‌ಪಿಎಂವರೆಗೆ ರೇಸ್ ಮಾಡಿದರೂ ಬರಲ್ಲ. ಪಿಕಪ್ ಸರಿ ಇದೆ, ಹೊಗೆ ಇಲ್ಲ, ಇಂಜಿನ್ ಲೈಟ್ ಬಂದಿಲ್ಲ. ಕಳೆದ ವರ್ಷ ಕ್ಲಚ್ ಸೆಟ್ ಬದಲಾಗಿದೆ. ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಬದಲಾಯಿಸಿ ಅಂತಿದ್ದಾರೆ. ಅಷ್ಟು ದುಡ್ಡು ಸುರಿಯೋ ಮೊದಲು ಏನು ನೋಡಬೇಕು?

ಹದಿನೇಳರ_ಸ್ಪ್ಯಾನರ್:
ನ್ಯೂಟ್ರಲ್‌ನಲ್ಲಿ ಸದ್ದಿಲ್ಲ ಅಂದಿದ್ದು ಒಳ್ಳೇದಾಯ್ತು. ಆಲ್ಟರ್ನೇಟರ್, ಐಡ್ಲರ್ ಪುಲ್ಲಿ, ವಾಟರ್ ಪಂಪ್, ಇವುಗಳ ಬೇರಿಂಗ್ ಹೋಗಿದ್ದರೆ ಗಾಡಿ ನಿಂತಿದ್ದರೂ ರೇಸ್ ಕೊಟ್ಟಾಗ ಕೂಗ್ತಿದ್ದವು. ವ್ಹೀಲ್ ಬೇರಿಂಗೂ ಅಲ್ಲ. ಅದು ಕಾಲು ತೆಗೆದರೂ ಗುಂಯ್ ಅಂತಲೇ ಇರುತ್ತೆ, ಸ್ಟೀರಿಂಗ್ ಆ ಕಡೆ ಈ ಕಡೆ ಎಳೆದಾಗ ಬದಲಾಗುತ್ತೆ.

ಆದರೆ ಟರ್ಬೊ ಸರಿ ಇದೆ ಅಂತ ಈ ಪರೀಕ್ಷೆಯಿಂದ ಹೇಳೋಕಾಗಲ್ಲ. ಲೋಡ್ ಇಲ್ಲದೆ ರೇಸ್ ಮಾಡಿದಾಗ ಸಿಲಿಂಡರಿಗೆ ಬೀಳೋ ಡೀಸೆಲ್ಲೇ ಕಮ್ಮಿ, ಹಾಗಾಗಿ ಬೂಸ್ಟ್ (ಟರ್ಬೊ ಇಂಜಿನಿಗೆ ತಳ್ಳೋ ಗಾಳಿಯ ಒತ್ತಡ) ಏಳೋದಿಲ್ಲ. ಕೆಟ್ಟ ಟರ್ಬೊ ಕೂಡ ಸುಮ್ಮನಿರಬಹುದು. ಗ್ಯಾರೇಜಿನವರ ಊಹೆ ಪೂರ್ತಿ ಸುಳ್ಳಲ್ಲ, ಆದರೆ ಬರೀ ಊಹೆ ಮೇಲೆ ಟರ್ಬೊ ಬಿಚ್ಚಿಸಬೇಡಿ.

ಖಾಲಿ ರಸ್ತೆಯಲ್ಲಿ 60ಕ್ಕೆ ಬಂದು 3ನೇ ಗೇರಿನಲ್ಲಿ ಹದವಾಗಿ ಒತ್ತಿ ಕೇಳಿ. ಅದೇ 60ರಲ್ಲಿ 4, ಆಮೇಲೆ 5. ಚಕ್ರದ ವೇಗ ಒಂದೇ, ಇಂಜಿನ್ ವೇಗ ಬೇರೆ ಬೇರೆ. ಮೂರರಲ್ಲೂ ಶ್ರುತಿ ಒಂದೇ ಇದ್ದರೆ ಸದ್ದು ಫೈನಲ್ ಡ್ರೈವಿನದು (ಗೇರ್ ದಾಟಿದ ಮೇಲೆ ಚಕ್ರಗಳಿಗೆ ಬಲ ಕೊಡೋ ಕೊನೇ ಗೇರ್ ಜೋಡಿ), ಇಲ್ಲಾ ಆ ಬಲವನ್ನು ಎರಡೂ ಚಕ್ರಕ್ಕೆ ಹಂಚೋ ಡಿಫರೆನ್ಷಿಯಲ್‌ನ ಬೇರಿಂಗಿನದು. ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಜೋಡಿ. ಶ್ರುತಿ ಆರ್‌ಪಿಎಂ ಹಿಂದೆ, ಒತ್ತಿದ ಕಾಲಿನ ಹಿಂದೆ ಏರಿಳಿದರೆ ಮಾತ್ರ ಟರ್ಬೊ ಕಡೆ ತಿರುಗೋಣ.

ಪಕ್ಕದಲ್ಲಿ ಕೂತವರ ಫೋನಿಗೆ ಸ್ಪೆಕ್ಟ್ರಮ್ ಅನಲೈಸರ್ ಆ್ಯಪ್ (ಸದ್ದಿನ ಶ್ರುತಿಯನ್ನು ಹರ್ಟ್ಜ್ ಲೆಕ್ಕದಲ್ಲಿ ಗೆರೆಯಾಗಿ ತೋರಿಸುತ್ತೆ) ಹಾಕಿಸಿ, ಕಿವಿಗಿಂತ ಅದನ್ನು ನಂಬಬಹುದು. ನಿಮ್ಮ ಟೈರ್ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳುತ್ತೆ, ಅಂದರೆ 60ರಲ್ಲಿ ಸೆಕೆಂಡಿಗೆ 9 ಸುತ್ತಿಗೆ ಚೂರು ಕಮ್ಮಿ. ಫೈನಲ್ ಡ್ರೈವಿನ ದೊಡ್ಡ ಗೇರಾದ ರಿಂಗ್ ಗೇರಿಗೆ 70ರ ಆಸುಪಾಸು ಹಲ್ಲಿದ್ದರೆ, ಸುತ್ತನ್ನು ಹಲ್ಲಿನಿಂದ ಗುಣಿಸಿ, 600 ಹರ್ಟ್ಜ್ ಹತ್ತಿರ ಗೆರೆ ಏಳಬೇಕು, 40ರಲ್ಲಿ ಅದು 400ಕ್ಕೆ ಇಳೀಬೇಕು. ಟರ್ಬೊ ಶಾಫ್ಟ್ ಲೋಡಿನಲ್ಲಿ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ. ಅದರ ಗೆರೆ 1,600ರ ಮೇಲೆಯೇ ಇರುತ್ತೆ.

ಅಂದಹಾಗೆ, ಮ್ಯೂಸಿಕ್ ಸಿಸ್ಟಮ್ ಆಫ್ ಮಾಡಿ ಕೇಳಿ. ಅರ್ತ್ ಸರಿ ಇಲ್ಲದಿದ್ದರೆ ಆಲ್ಟರ್ನೇಟರ್ ಸದ್ದು ಸ್ಪೀಕರಿನಲ್ಲೇ ಕುಯ್ಗುಡುತ್ತೆ. ನಿಮ್ಮದು ಅದಲ್ಲ ಅನಿಸುತ್ತೆ, ಆದರೂ ನೋಡೋಕೆ ಖರ್ಚಿಲ್ಲವಲ್ಲ.

ಘಾಟಿ_ಡೀಸೆಲ್:
ಮೂರು ಗೇರಿನಲ್ಲೂ ಶ್ರುತಿ ಒಂದೇ ಸರ್. 60ರಲ್ಲಿ 590ರಿಂದ 620, 40ರಲ್ಲಿ 400ರ ಸುತ್ತ. ಎಡಗಡೆ ಡ್ರೈವ್ ಶಾಫ್ಟ್ (ಚಕ್ರ ತಿರುಗಿಸೋ ದಂಡ) ಗೇರ್‌ಬಾಕ್ಸ್ ಒಳಗೆ ಹೋಗೋ ಜಾಗದಲ್ಲಿ ಎಣ್ಣೆ ಜಿನುಗಿ ಮಣ್ಣು ಮೆತ್ತಿಕೊಂಡಿದೆ. ಇಂಜಿನ್ ಆಯಿಲ್ ಇರಬಹುದಾ?

ಗೇರೆಣ್ಣೆ:
ಹಾಗಾದರೆ ಸದ್ದು ಟರ್ಬೊದಲ್ಲ, ಫೈನಲ್ ಡ್ರೈವ್ ಕಡೆಯದು. ಆ ಎಣ್ಣೆ ಬೆರಳಿಗೆ ಹಚ್ಚಿ ಮೂಸಿ. ಡೀಸೆಲ್ ಗಾಡಿಯ ಇಂಜಿನ್ ಆಯಿಲ್ ಕಾಡಿಗೆ ಕಪ್ಪು. ಗೇರ್ ಆಯಿಲ್ ಕಂದು, ಗಂಧಕದ ಘಾಟು ಹೊಡೆಯುತ್ತೆ. ಕ್ಲಚ್ ಕೆಲಸಕ್ಕೆ ಡ್ರೈವ್ ಶಾಫ್ಟ್ ಎಳೆದಿರ್ತಾರೆ. ಎಣ್ಣೆ ತಡೆಯೋ ಹಳೇ ಸೀಲನ್ನೇ ಬಿಟ್ಟು ಶಾಫ್ಟ್ ವಾಪಸ್ ತುರುಕುವಾಗ ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲು) ತಗುಲಿ ಸೀಲಿನ ತುಟಿ ಹರಿಯೋದು ಮಾಮೂಲಿ. ತಿಂಗಳುಗಟ್ಟಲೆ ಜಿನುಗಿ ಎಣ್ಣೆ ಇಳಿದರೆ ಹಲ್ಲುಗಳ ನಡುವಿನ ಎಣ್ಣೆ ಪದರ ತೆಳುವಾಗುತ್ತೆ, ಲೋಡ್ ಬಿದ್ದಾಗ ಕೂಗುತ್ತೆ.

ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಗಾಡಿ ಮಟ್ಟಸವಾಗಿರಲಿ, ಮುಂದೆ ಮಾತ್ರ ಜಾಕ್ ಎತ್ತಿದರೆ ಲೆವೆಲ್ ತಪ್ಪು ತೋರಿಸುತ್ತೆ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೇ ಕೆಳಗಿನ ಡ್ರೈನ್ ಪ್ಲಗ್. ಡ್ರೈನ್ ಮಾಡಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತಿತು. ಇಳಿದ ಎಣ್ಣೆಯನ್ನು ಅಳತೆ ಜಗ್ಗಿಗೆ ಹಿಡಿಯಿರಿ. ಈ ಗಾತ್ರದ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ 2ರಿಂದ 2.5 ಲೀಟರ್ ಬೇಕು, ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿದೆ. ಒಂದೂವರೆ ಲೀಟರೂ ಬರಲಿಲ್ಲ ಅಂದರೆ ಕಾರಣ ಸಿಕ್ಕಹಾಗೆ.

ಡ್ರೈನ್ ಪ್ಲಗ್ಗಿಗೆ ಅಯಸ್ಕಾಂತ ಇದ್ದರೆ ಅದನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿಯಿರಿ. ಬೂದುಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆಯಿಲ್ಲ, 1 ಲಕ್ಷ ಓಡಿದ ಮೇಲೆ ಅಷ್ಟು ಇರುತ್ತೆ. ಹೊಳೆಯುವ ಚಕ್ಕೆ, ಉಗುರಿಗೆ ಸಿಗುವ ಚೂರು ಇದ್ದರೆ ಬೇರಿಂಗೋ ಹಲ್ಲೋ ಸಿಪ್ಪೆ ಏಳ್ತಿದೆ.

ಸೀಲ್ ಹಾಕುವಾಗ ಶಾಫ್ಟಿನ ಒಳ ಜಾಯಿಂಟ್ ಜೋತುಬೀಳದ ಹಾಗೆ ತಂತಿಯಲ್ಲಿ ಕಟ್ಟಿ. ಹೊಸ ಸೀಲಿನ ತುಟಿಗೆ ಗೇರ್ ಆಯಿಲ್ ಸವರಿ, ಸೀಲಿನ ಹೊರಸುತ್ತಿಗೆ ಹೊಂದೋ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ. ಶಾಫ್ಟ್ ತುದಿಯ ಸರ್ಕ್ಲಿಪ್, ಡ್ರೈನ್ ವಾಷರ್ ಎರಡೂ ಹೊಸವೇ ಇರಲಿ.

ಎಣ್ಣೆ 75ಡಬ್ಲ್ಯೂ-80 ಅಥವಾ 75ಡಬ್ಲ್ಯೂ-90, ಮ್ಯಾನುಯಲ್ ಹೇಳಿದ್ದು. ಈ ಅಂಕಿಗಳು ಎಣ್ಣೆಯ ದಪ್ಪ ಹೇಳುತ್ತವೆ, ಜಿಎಲ್ ಅನ್ನೋದು ಗೇರ್ ಆಯಿಲಿನ ದರ್ಜೆ. ಮ್ಯಾನುಯಲ್‌ನಲ್ಲಿ ಜಿಎಲ್-4 ಅಂತಿದ್ದರೆ ಅಂಗಡಿಯವರು "ಇದು ಇನ್ನೂ ಒಳ್ಳೇದು" ಅಂತ ಜಿಎಲ್-5 ಕೊಟ್ಟರೆ ವಾಪಸ್ ಕೊಡಿ. ಅದು ಲಾರಿ ಆ್ಯಕ್ಸಲ್ಲಿಗೆ ಸರಿ. ಗೇರ್ ಬದಲಿಸುವಾಗ ವೇಗ ಹೊಂದಿಸೋ ಹಿತ್ತಾಳೆ ಸಿಂಕ್ರೋ ರಿಂಗಿಗೆ ಅದರ ಗಂಧಕದ ಅಡಿಟಿವ್ ಆಗಿಬರಲ್ಲ, ಗೇರ್ ಬೀಳೋದೂ ಒರಟಾಗುತ್ತೆ. ಲೆವೆಲ್ ಪ್ಲಗ್ ತೂತಿನ ಕೆಳ ಅಂಚಿನಿಂದ ಎಣ್ಣೆ ಸಣ್ಣಗೆ ಹೊರಬಂದಾಗ ನಿಲ್ಲಿಸಿ. ಹೆಚ್ಚು ತುಂಬಿದರೆ ನೊರೆಯಾಗಿ ಗಾಳಿ ಬಿಡೋ ಬ್ರೀದರಿನಿಂದ ಹೊರಗೆ ಉಗುಳುತ್ತೆ.

ಹದಿನೇಳರ_ಸ್ಪ್ಯಾನರ್:
ಗೇರೆಣ್ಣೆ ಅವರ ಮಾತಿಗೆ ಒಂದು ಸೇರಿಸ್ತೀನಿ. ಎಣ್ಣೆ ತುಂಬಿದ ದಿನವೇ ಸದ್ದು ಪೂರ್ತಿ ಹೋಗಬೇಕು ಅಂತ ಕಾಯಬೇಡಿ. ಒಣಗಿ ಓಡಿದ ಹಲ್ಲಿನ ಮೈ ಸವೆದಿದ್ದರೆ ಹೊಸ ಎಣ್ಣೆ ಅದನ್ನು ವಾಪಸ್ ತರಲ್ಲ. 300 ಕಿ.ಮೀ. ಓಡಿಸಿ ಮತ್ತೆ ಅದೇ ಆ್ಯಪಿನಲ್ಲಿ ಅಳೆಯಿರಿ. ಸಣ್ಣದಾಗಿ ಉಳಿದು ಹೆಚ್ಚಾಗದಿದ್ದರೆ ಹಾಗೇ ಓಡಿಸಬಹುದು. ಹೆಚ್ಚಾಗ್ತಾ ಹೋದರೆ, ಇಲ್ಲಾ ಕಾಲು ತೆಗೆದಾಗಲೂ ಬರೋಕೆ ಶುರುವಾದರೆ, ಬೇರಿಂಗ್ ಸಡಿಲಾಗಿದೆ ಅಂತ ಲೆಕ್ಕ. ಸದ್ದು ಮುಚ್ಚೋಕೆ ದಪ್ಪ ಎಣ್ಣೆ ಹಾಕ್ತೀವಿ ಅನ್ನೋರಿಗೆ ಗಾಡಿ ಕೊಡಬೇಡಿ.

ಬಿಚ್ಚಲೇಬೇಕಾಗಿ ಬಂದರೆ, ಇಂಥ ಗೇರ್‌ಬಾಕ್ಸಿನಲ್ಲಿ ಫೈನಲ್ ಡ್ರೈವಿನ ಪಿನಿಯನ್ (ರಿಂಗ್ ಗೇರ್ ತಿರುಗಿಸೋ ಸಣ್ಣ ಗೇರ್) ಸಾಮಾನ್ಯವಾಗಿ ಔಟ್‌ಪುಟ್ ಶಾಫ್ಟಿನ ಮೈಯಲ್ಲೇ ಇರುತ್ತೆ. ಶಾಫ್ಟ್, ರಿಂಗ್ ಗೇರ್, ಬೇರಿಂಗ್, ಶಿಮ್ (ಸಂದು ಹೊಂದಿಸೋ ತೆಳು ಬಿಲ್ಲೆ), ಕೂಲಿ ಎಲ್ಲ ಕೂಡಿದರೆ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸೇ ಅಗ್ಗ ಬೀಳೋದುಂಟು. ಕೊಳ್ಳುವಾಗ ಹೌಸಿಂಗ್ ಮೇಲಿನ ಕೋಡ್ ತಾಳೆ ನೋಡಿ. ಅದೇ ಮಾಡೆಲ್ಲಿನ ಪೆಟ್ರೋಲ್ ಗಾಡಿಯ ಬಾಕ್ಸ್ ಹೊರಗಿನಿಂದ ಹೋಲಿದರೂ ಫೈನಲ್ ಡ್ರೈವ್ ರೇಶಿಯೋ ಬೇರೆ ಇರಬಹುದು.